ಮೀಸೆಯ ಹಿಂದಿನ ಮಾತು

ಮೇಷ್ಟ್ರು ಮೂರನೇ ಸಲ ಕೂಗಿದರು. ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು. ಅಮ್ಮ ತನ್ನ ಕಿವಿಯತ್ತ ಬೆರಳು ತೋರಿಸಿ ತಲೆಯಾಡಿಸಿದಳು. ಒಂದಕ್ಷರವೂ ಕೇಳಿಸಿರಲಿಲ್ಲ.

ಕೇಳಿಸುವುದಾದರೂ ಹೇಗೆ? ಆ ಶೆಡ್ಡಿನಲ್ಲಿ ಇನ್ನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಬಟ್ಟೆ ಮಿಲ್ಲುಗಳು ಹಬೆಯ ಇಂಜಿನ್ನಿನಿಂದ ನಡೆಯುತ್ತಿದ್ದ ಕಾಲ ಅದು. ಇಂಜಿನ್ ಶುರುವಾದರೆ ನೆಲವೇ ನಡುಗುತ್ತಿತ್ತು. ಅಲ್ಲಿ ಕೆಲಸ ಮಾಡುವ ಹೆಂಗಸರು ಗಂಟಲು ಹರಿದುಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲ. ಕೈಸನ್ನೆ ಮಾಡಿ, ತುಟಿಗಳನ್ನು ಅಗಲವಾಗಿ ಆಡಿಸಿ ಮಾತಾಡುತ್ತಿದ್ದರು. ಇವತ್ತಿನ ಅಡುಗೆಯಿಂದ ಹಿಡಿದು ಪಕ್ಕದ ಮನೆಯ ಜಗಳದವರೆಗೆ ಎಲ್ಲವೂ ಹಾಗೆಯೇ.

ಅಮ್ಮನ ಊಟದ ಡಬ್ಬಿ ಹಿಡಿದು ಗುಬ್ಬಿ ಇಬ್ಬರನ್ನೂ ನೋಡುತ್ತಾ ನಿಂತಿದ್ದಳು. ಗುಬ್ಬಿ ಅಂತ ಕರೆಯುವವಳು ಅಮ್ಮ. ಐದನೇ ವರ್ಷದಲ್ಲಿ ಜ್ವರ ಬಂದು ಅವಳ ಎರಡೂ ಕಿವಿ ಹೋಗಿದ್ದವು. ಈಗ ಅವಳಿಗೆ ಹತ್ತು ವರ್ಷ. ಈ ಶೆಡ್ಡು ಎಂದರೆ ಅವಳಿಗೆ ಬಲು ಇಷ್ಟ. ಇಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಆದರೂ ಎಲ್ಲರೂ ಹರಟುತ್ತಾರೆ.

ಶಾಲೆಯಲ್ಲಿ ಹಾಗಲ್ಲ. ಮೇಷ್ಟ್ರು ಬೋರ್ಡಿನತ್ತ ತಿರುಗಿಕೊಂಡು ಪಾಠ ಹೇಳುತ್ತಾರೆ. ಇತ್ತ ತಿರುಗಿದರೂ ಅಷ್ಟೇ. ಅವರ ಮೀಸೆ ಎಷ್ಟು ದಪ್ಪ ಎಂದರೆ, ಅದರ ಹಿಂದೆ ಬಾಯಿ ಇದೆ ಎನ್ನುವುದನ್ನು ನಂಬಿಕೊಳ್ಳಬೇಕು. ಪ್ರಶ್ನೆ ಕೇಳಿದಾಗ ಗುಬ್ಬಿಗೆ ಕಾಣುವುದು ಅಲ್ಲಾಡುವ ಮೀಸೆ ಮಾತ್ರ. ಹಾಜರಿ ಕರೆದಾಗಲೂ ಪಕ್ಕದ ಹುಡುಗಿ ಮೊಣಕೈಯಿಂದ ತಿವಿಯಬೇಕು, ಆಗ ಇವಳು ಎದ್ದು ನಿಲ್ಲಬೇಕು.

ಬೋರ್ಡಿನ ಮೇಲಿದ್ದದ್ದನ್ನೆಲ್ಲ ಅವಳು ದುಂಡಗೆ ಬರೆದುಕೊಳ್ಳುತ್ತಿದ್ದಳು. ಅದು ಅರ್ಥ ತಿಳಿಯದೆ ಮಾಡಿದ ನಕಲು ಎಂದೇ ಮೇಷ್ಟ್ರು ಅಂದುಕೊಂಡಿದ್ದರು.

ಇವತ್ತು ಶನಿವಾರ. ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಅವಳ ಹಿಂದೆಯೇ ಮಿಲ್ಲಿಗೆ ಬಂದಿದ್ದರು. ಏಕೆಂದು ಗುಬ್ಬಿಗೆ ಗೊತ್ತಿರಲಿಲ್ಲ. ಅಮ್ಮ ನಾಲ್ಕು ಮಗ್ಗ ನೋಡಿಕೊಳ್ಳುವವಳು. ನೂಲು ಹರಿದಾಗ ಹತ್ತಿರ ಇಲ್ಲದಿದ್ದರೆ ಬಟ್ಟೆಯೇ ಹಾಳು. ಹಾಗಾಗಿ ಹೊರಗೆ ಹೋಗಿ ಮಾತಾಡುವ ಹಾಗೂ ಇರಲಿಲ್ಲ.

ಗುಬ್ಬಿ ಚೀಲದಿಂದ ಸ್ಲೇಟು ಬಳಪ ತೆಗೆದು ಮೇಷ್ಟ್ರಿಗೆ ಕೊಟ್ಟಳು. ಅವರು ಬರೆದು ಅಮ್ಮನ ಮುಂದೆ ಹಿಡಿದರು.

'ನಿಮ್ಮ ಮಗಳಿಗೆ ಪಾಠ ತಲೆಗೆ ಹತ್ತುವುದಿಲ್ಲ. ಸೋಮವಾರದಿಂದ ಶಾಲೆಗೆ ಕಳಿಸಬೇಡಿ.'

ಅಮ್ಮನಿಗೆ ಓದಲು ಬಾರದು. ಏನಂತೆ ಎಂದು ಮಗಳತ್ತ ನೋಡಿದಳು.

ಗುಬ್ಬಿಯ ಕಣ್ಣು ತುಂಬಿಬಂತು. ಶಾಲೆ ಬಿಟ್ಟರೆ ಅವಳಿಗೆ ಪುಸ್ತಕ ಎಲ್ಲಿಂದ ಬರಬೇಕು? ಮೇಷ್ಟ್ರು ಹೊಗಳುತ್ತಿದ್ದಾರೆ ಎಂದು ಸನ್ನೆ ಮಾಡಿಬಿಡಬಹುದಿತ್ತು. ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ. ಕೈ ಅರ್ಧ ಎತ್ತಿಯೂ ಆಗಿತ್ತು. ಆದರೆ ಸೋಮವಾರ ಬಂದೇ ಬರುತ್ತದಲ್ಲ. ಬರೆದದ್ದನ್ನು ಬರೆದ ಹಾಗೆಯೇ ಕೈಯಲ್ಲಿ ಹೇಳಿದಳು.

ಅಮ್ಮನ ಕೈಗಳು ಸರಸರನೆ ಓಡಾಡಿದವು. ಗುಬ್ಬಿ ಸ್ಲೇಟು ಒರೆಸಿ ಬರೆಯತೊಡಗಿದಳು.

'ಅಮ್ಮ ಹೇಳ್ತಾಳೆ: ಇವಳಿಗೆ ಕಿವಿ ಕೇಳಲ್ಲ, ಆದ್ರೆ ತಲೆ ಚೆನ್ನಾಗಿದೆ. ನನಗೆ ಓದು ಬರಲ್ಲ ಮೇಷ್ಟ್ರೇ. ನೀವು ಬರೆದಿದ್ದನ್ನ ನನಗೆ ಓದಿ ಹೇಳಿದ್ದು ಇವಳೇ.'

ಅಮ್ಮ ನಿಲ್ಲಿಸಲಿಲ್ಲ. ಮೂಗಿನ ಕೆಳಗೆ ಎರಡೂ ಕೈ ಇಟ್ಟು ಅತ್ತಿತ್ತ ಎಳೆದಳು. ಗುಬ್ಬಿಯ ಬಳಪ ನಿಂತುಬಿಟ್ಟಿತು. ಅಮ್ಮ ಬೆರಳಿನಿಂದ ಸ್ಲೇಟು ತಟ್ಟಿದಳು. ಬೇರೆ ದಾರಿ ಕಾಣದೆ ಗುಬ್ಬಿ ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ಬರೆದಳು: 'ನಿಮ್ಮ ಮೀಸೆ ತುಟಿ ಮುಚ್ಚುತ್ತೆ. ಮಾತು ಕಾಣಲ್ಲ.'

ಅಮ್ಮನ ಕೈಗಳನ್ನು ಶೆಡ್ಡಿನ ಹೆಂಗಸರೆಲ್ಲ ನೋಡಿದ್ದರು. ಸುತ್ತಲೂ ನಗು ಎದ್ದಿತು. ಆಚೆ ಸಾಲಿನ ಅಜ್ಜಿಯೊಬ್ಬಳು ಆ ಮೀಸೆಯಲ್ಲಿ ಒಂದು ಟವೆಲ್ ನೇಯಬಹುದು ಎಂದು ಸನ್ನೆ ಮಾಡಿದಳು. ನಗು ಇನ್ನೂ ಜಾಸ್ತಿಯಾಯಿತು.

ಮೇಷ್ಟ್ರು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಪಿಳಿಪಿಳಿ ನೋಡಿದರು. ಎಲ್ಲರೂ ಏನೋ ಮಾತಾಡಿಕೊಳ್ಳುತ್ತಿದ್ದಾರೆ, ಅವರೊಬ್ಬರಿಗೆ ಮಾತ್ರ ತಿಳಿಯುತ್ತಿಲ್ಲ. ಗುಬ್ಬಿಗೆ ನಗು ಬರಲಿಲ್ಲ. ಕ್ಲಾಸಿನಲ್ಲಿ ತಾನು ದಿನಾ ಹೀಗೆಯೇ ಕೂತಿರುತ್ತೇನೆ ಎನ್ನಿಸಿ, ಅವರನ್ನು ಕಂಡು ಪಾಪ ಅನ್ನಿಸಿತು.

ಅವಳು ಸ್ಲೇಟು ಮುಂದೆ ಹಿಡಿದಳು. ಮೇಷ್ಟ್ರು ಮೂಲೆಯವರೆಗೂ ಓದಿದರು. ಅವರ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಆಮೇಲೆ ಕೆಳಗೆ ಬರೆದರು: 'ಇದು ನೀನೇ ಬರೆದದ್ದಾ?'

'ಬರೆದಿದ್ದು ನಾನು. ಹೇಳಿದ್ದು ಅಮ್ಮ.'

ಅದನ್ನು ಅವರು ಎರಡೆರಡು ಸಲ ಓದಿದರು. ಬಳಪವನ್ನು ಅವಳ ಅಂಗೈಯಲ್ಲಿಟ್ಟು ಹೊರಟುಹೋದರು.

ಸೋಮವಾರ ಶಾಲೆಗೆ ಹೋಗಬೇಕೋ ಬೇಡವೋ? ಭಾನುವಾರವೆಲ್ಲ ಗುಬ್ಬಿಗೆ ಅದೇ ಯೋಚನೆ, ಊಟವೂ ಸೇರಲಿಲ್ಲ. ಸೋಮವಾರ ಬೆಳಿಗ್ಗೆ ಅಮ್ಮ ಜಡೆ ಹಾಕಿ, ಅವಳನ್ನು ತನ್ನತ್ತ ತಿರುಗಿಸಿಕೊಂಡು ತುಟಿ ಆಡಿಸಿದಳು.

"ಹೋಗು. ಬೇಡ ಅನ್ನೋದಾದ್ರೆ ಇನ್ನೊಂದ್ಸಲ ಬರೆದು ಕೊಡ್ಲಿ."

ಗುಬ್ಬಿ ತನ್ನ ಜಾಗದಲ್ಲಿ ತಲೆ ತಗ್ಗಿಸಿ ಕೂತಳು. ಇದ್ದಕ್ಕಿದ್ದಂತೆ ಬೆಂಚು ಅಲುಗಾಡತೊಡಗಿತು. ತಲೆ ಎತ್ತಿದರೆ, ಎಲ್ಲರೂ ಸ್ಲೇಟಿನ ಮರೆಯಲ್ಲಿ ಮುಸಿಮುಸಿ ನಗುತ್ತಿದ್ದರು. ಮೇಷ್ಟ್ರು ಬಾಗಿಲಲ್ಲಿದ್ದರು. ಮೀಸೆ ಅರ್ಧಕ್ಕರ್ಧ ಮಾಯವಾಗಿತ್ತು. ಕತ್ತರಿ ಹಿಡಿದವರು ಅವರೇ ಇರಬೇಕು, ಎಡಗಡೆ ಒಂದು ಬೆರಳಷ್ಟು ಗಿಡ್ಡವಾಗಿತ್ತು.

ಅವರು ಹಾಜರಿ ಪುಸ್ತಕ ತೆಗೆದುಕೊಂಡು, ಬೋರ್ಡಿಗೆ ಬೆನ್ನು ಮಾಡಿ, ಎಲ್ಲರ ಎದುರಿಗೆ ಬಂದು ನಿಂತರು. ಒಂದೊಂದೇ ಹೆಸರು ಕರೆದರು. ಗುಬ್ಬಿ ಕಣ್ಣು ಮಿಟುಕಿಸದೆ ನೋಡಿದಳು. ಮೇಷ್ಟ್ರಿಗೂ ಎಲ್ಲರ ಹಾಗೆ ಎರಡು ತುಟಿಗಳಿದ್ದವು.

ಆ ತುಟಿಗಳಲ್ಲಿ ಅವಳ ಹೆಸರು ಬಂತು.

ಪಕ್ಕದ ಹುಡುಗಿ ಎಂದಿನಂತೆ ಮೊಣಕೈ ಚಾಚಿದಳು. ಅದು ಬರೀ ಗಾಳಿಯನ್ನು ತಿವಿಯಿತು. ಗುಬ್ಬಿ ಆಗಲೇ ಎದ್ದು ನಿಂತಿದ್ದಳು.