ಹುಣಸೆಹಣ್ಣಿನ ಗೆರೆಗಳು

ಹುಬ್ಬಳ್ಳಿಯ ನಾಣ್ಯ ಪರೀಕ್ಷಾ ಕೇಂದ್ರದಲ್ಲಿ ಪದರದರ್ಶಕ ಯಂತ್ರ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಅದರ ತಟ್ಟೆಯ ಮೇಲೆ ತಾಮ್ರದ ಒಂದು ಕಾಲಾಣೆ. ಟಂಕಸಾಲೆಯಲ್ಲಿ ಅಚ್ಚು ಎರಡು ಸಲ ಬಿದ್ದು, ಅಕ್ಷರಗಳೆಲ್ಲ ಜೋಡಿಜೋಡಿಯಾಗಿ ಮೂಡಿದ್ದವು. ಇಂಥ ತಪ್ಪಿಗಾಗಿಯೇ ಸಂಗ್ರಾಹಕರು ಜೀವ ಬಿಡುತ್ತಾರೆ.

ಯಂತ್ರ ಬರುವ ಮುಂಚೆ ಮೂವತ್ತು ವರ್ಷ ಈ ಪರೀಕ್ಷೆಯನ್ನು ಅನಸೂಯಾ ಹಂಪಿಹೊಳಿ ಭೂತಗನ್ನಡಿ ಹಿಡಿದು ಮಾಡಿದ್ದರು. ಅವರು ಬರೆದದ್ದೇ ದರ್ಜೆ. ತೊಳೆದ ನಾಣ್ಯ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಫಳಫಳ ಮಾಡಿಕೊಂಡು ತಂದವರನ್ನು ಬಾಗಿಲಲ್ಲೇ ಬೈದು ಕಳಿಸುತ್ತಿದ್ದರು. ಹುಳಿ ತಾಮ್ರದ ಮೇಲ್ಮೈಯನ್ನೇ ತಿಂದುಹಾಕುತ್ತದೆ.

ಆರು ವರ್ಷದ ಹಿಂದೆ, 2055ರಲ್ಲಿ, ಈ ಕಾಲಾಣೆಗೆ ‘ಎಂದೂ ತೊಳೆದಿಲ್ಲ’ ಎಂದು ಪ್ರಮಾಣಪತ್ರ ಕೊಟ್ಟವರು ಅವರೇ. ಈಗ ಅದೇ ಪತ್ರ ಹಿಡಿದು ವ್ಯಾಪಾರಿಯೊಬ್ಬ, ಇದು ತನ್ನ ತಂದೆಯ ಡಬ್ಬಿಯಲ್ಲಿ ಅರವತ್ತು ವರ್ಷ ಮುಚ್ಚಿಟ್ಟದ್ದು ಎನ್ನುತ್ತಿದ್ದ. ಕುಂದಗೋಳದ ನೀಲವ್ವನವರು, ಅದೇ ವರ್ಷ ತಮ್ಮ ದೇವರ ಜಗಲಿಯಿಂದ ಕಳುವಾದ ನಾಣ್ಯವಿದು, ಮದುವೆಯಲ್ಲಿ ಅತ್ತೆ ಕೈಗಿಟ್ಟದ್ದು ಎಂದು ದೂರು ಕೊಟ್ಟಿದ್ದರು. ಅವರ ಬಳಿ ಕಾಗದವೊಂದೂ ಇರಲಿಲ್ಲ.

ಯಂತ್ರವನ್ನು ರೂಪಿಸಿದ ಲೋಹವಿಜ್ಞಾನಿ ಡಾ. ನದಾಫ್ ಪರದೆ ತಿರುಗಿಸಿದರು. ತಾಮ್ರವೆಂದರೆ ಸಣ್ಣ ಹರಳುಗಳ ಒಟ್ಟಿಲು. ಹುಳಿ ಸೋಕಿದಾಗಲೆಲ್ಲ ಅವುಗಳ ಸಂದಿಯಲ್ಲಿ ಕಣ್ಣಿಗೆ ಕಾಣದ ಗೆರೆಯೊಂದು ಉಳಿಯುತ್ತದೆ. ಪದರದರ್ಶಕ ಓದುವುದು ಆ ಗೆರೆಗಳನ್ನು, ಅವುಗಳ ವಯಸ್ಸನ್ನು.

“ನಲವತ್ತು ಸಲ ತೊಳದಾರ್ರಿ ಮೇಡಂ. ವರ್ಷಕ್ಕೊಮ್ಮೆ. ಮ್ಯಾಲಿನ ಕಂದು ಬಣ್ಣ ಆಮ್ಯಾಲೆ ಹಚ್ಚಿದ್ದು.”

“ಮತ್ತೊಮ್ಮೆ ನೋಡ್ರಿ,” ಎಂದರು ಅನಸೂಯಾ.

“ಮೂರು ಸಲ ನೋಡೇನ್ರಿ. ಹದಿನೇಳನೇ ಗೆರಿ ಆದಮ್ಯಾಲೆ ಒಂದು ವರ್ಷ ಖಾಲಿ ಐತಿ. ಅದೊಂದು ಯಾಕಂತ ತಿಳೀವಲ್ದು.”

ಅನಸೂಯಾರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ವರ್ಷಕ್ಕೊಮ್ಮೆ ತಾಮ್ರ ತಿಕ್ಕುವ ಮನೆ ಊರಿಗೆ ಒಂದೇ ಏನು? ಇಷ್ಟರಿಂದ ನಾಣ್ಯ ನೀಲವ್ವನವರದೇ ಎನ್ನಲಾಗದು. ಅವರನ್ನು ಏನೂ ಕೇಳದೆ ಸುಮ್ಮನಿದ್ದರೆ ದೂರು ಬಿದ್ದುಹೋಗಿ, ಪತ್ರದ ತಪ್ಪು ಹೊರಬೀಳದೆ, ಮೂವತ್ತು ವರ್ಷದ ಹೆಸರಾದರೂ ಉಳಿದೀತು. ಆದರೂ ಎದ್ದು, ನೀಲವ್ವನವರು ಕಾಯುತ್ತ ಕೂತಿದ್ದ ಹೊರಗಿನ ಬೆಂಚಿಗೆ ಹೋದರು.

“ನೀಲವ್ವಾರ, ಯಾವುದರ ಒಂದು ವರ್ಷ ಇದನ್ನ ತೊಳೀದ ಬಿಟ್ಟಿದ್ರೇನು?”

ನೀಲವ್ವನವರು ಸೆರಗು ಸರಿಮಾಡಿಕೊಂಡರು. “ಅತ್ತಿ ತೀರಿದ ವರ್ಷ ರೀ. ಮನ್ಯಾಗ ಹಬ್ಬಾನ ಮಾಡ್ಲಿಲ್ಲ. ಹದಿನೇಳು ದೀಪಾವಳಿ ಅವರ ಕೂಡ ಮಾಡಿದ್ನಿರಿ. ಹದಿನೆಂಟನೇದಕ್ಕ ಅವರಿರಲಿಲ್ಲ.”

ಅನಸೂಯಾ ಒಳಗೆ ಬಂದು, ತಮ್ಮ ಹಳೆಯ ಪ್ರಮಾಣಪತ್ರದ ಮೇಲೆ ‘ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದರು. ಟಂಕಸಾಲೆಯ ತಪ್ಪುಗಳಿಗೆ ದರ್ಜೆ ಕೊಡುತ್ತ ಬಂದವರು ಸ್ವಂತ ತಪ್ಪಿಗೆ ಸಹಿ ಮಾಡಿದ್ದು ಅದೇ ಮೊದಲು. ಎದೆ ಹಗುರಾಯಿತು.

ತಿಂಗಳೊಪ್ಪತ್ತಿನಲ್ಲಿ ನಾಣ್ಯ ನೀಲವ್ವನವರ ಕೈಸೇರಿತು.

“ಇನ್ನಮ್ಯಾಲೆ ತೊಳೀಬಾರದೇನ್ರಿ ಅಕ್ಕಾರ?”

“ತೊಳೀರಿ,” ಎಂದರು ಅನಸೂಯಾ. “ಹಬ್ಬ ಬಂತಲ್ಲ.”

ಅಂದಿನಿಂದ ಕೇಂದ್ರದ ಪ್ರಮಾಣಪತ್ರದಲ್ಲಿ ದರ್ಜೆಯ ಕೆಳಗೆ ಗೆರೆಗಳ ವಿವರವೂ ಬರತೊಡಗಿತು. ನೀಲವ್ವನವರ ನಾಣ್ಯದಲ್ಲಿ ಹನ್ನೆರಡನೆಯ ಗೆರೆ ಬಿದ್ದದ್ದು 2025ರ ದೀಪಾವಳಿಯಲ್ಲಿ. ಆ ಬೆಳಿಗ್ಗೆ ಕುಂದಗೋಳದ ಬಚ್ಚಲಲ್ಲಿ ಸೊಸೆ ತಿಕ್ಕುತ್ತಿದ್ದಳು, ಅತ್ತೆ ನೀರು ಹಾಕುತ್ತಿದ್ದಳು. ತಾವು ಏನನ್ನೋ ಬರೆಯುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿರಲಿಲ್ಲ.