ಎಂಟಕ್ಕೆ ಹೊರಟು ಹತ್ತಕ್ಕೆ ಇಳಿದ ವಿಮಾನ

ಗೋಡೆಯ ಮೊಳೆ ಖಾಲಿಯಾಗಿತ್ತು. ಐದು ತಂತಿಯ ವಾದ್ಯ, ಕಾಂತೆಲೆ, ಮಾಯ.

ಎಪ್ಪತ್ತೆಂಟರ ಹೆಲ್ವಿ ಅದರ ಕೆಳಗೇ ಕುಸಿದು ಕೂತಿದ್ದಳು. "ಅಪ್ಪ ಕೈಯಾರೆ ಕೆತ್ತಿದ್ದು. ನಾಳೆ ಮ್ಯೂಸಿಯಂಗೆ ಕೊಡೋದಿತ್ತು."

"ಕೊನೆಗೆ ನೋಡಿದ್ದು ಯಾವಾಗ?" ಹೆಲ್ಸಿಂಕಿ ಪೊಲೀಸ್ ಇನ್ಸ್‌ಪೆಕ್ಟರ್ ಪಿರ್ಕೊ ಕೇಳಿದಳು.

"ಎಂಟಕ್ಕೆ. ಒಂದು ಹಾಡು ನುಡಿಸಿ, ಬೀಗ ಹಾಕ್ಕೊಂಡು ಮಾರ್ಕೆಟ್ಟಿಗೆ ಹೋದೆ. ಹತ್ತಕ್ಕೆ ವಾಪಸ್ ಬಂದೆ. ಅಡುಗೆಮನೆ ಗಡಿಯಾರ ನೋಡಿದೀನಿ. ಬಂದ ತಕ್ಷಣ ನಿಮಗೆ ಫೋನ್ ಮಾಡ್ದೆ."

ಬೀಗ ಒಡೆದಿರಲಿಲ್ಲ. ಬೀಗದ ಕೈ ಇನ್ನಿಬ್ಬರ ಬಳಿ ಇತ್ತು: ಕೆಳಮನೆಯ ಯೊರ್ಮ, ಸ್ಟಾಕ್‌ಹೋಮಿನಲ್ಲಿರುವ ತಮ್ಮ ತೌನೊ. ಎಂಟೂವರೆಗೆ ಯೊರ್ಮ ಉದ್ದನೆಯ ಸುರುಳಿಯೊಂದನ್ನು ಹೊತ್ತು ಮೆಟ್ಟಿಲಿಳಿದದ್ದನ್ನು ಎದುರುಮನೆಯವರು ಕಂಡಿದ್ದರು.

*

"ಅದು ಜಮಖಾನೆ ಕಣ್ರೀ! ಸಮುದ್ರದ ದಡದಲ್ಲಿ ತೊಳೆಯೋಕೆ ಒಯ್ದೆ."

"ಒಳಗೆ ಏನಿತ್ತು?"

"ಧೂಳು. ಬೇಕಾದ್ರೆ ಹೋಗಿ ಹಿಂಡಿ ನೋಡಿ."

ಆದರೂ ಯೊರ್ಮನನ್ನು ಠಾಣೆಯಲ್ಲಿ ಕೂರಿಸಿದರು. ಹೆಲ್ವಿಗೆ ಕಣ್ಣೀರು ಬಂತು. ಇಪ್ಪತ್ತು ಚಳಿಗಾಲ ಅವಳ ಬಾಗಿಲ ಹಿಮ ತೆಗೆದವನು ಅವನು.

*

ಹನ್ನೆರಡಕ್ಕೆ ತೌನೊ ಹೆಲ್ವಿಯ ಮನೆಗೆ ಬಂದ. ಅಕ್ಕನನ್ನು ತಬ್ಬಿಕೊಂಡ. ಕೇಳುವ ಮೊದಲೇ ಟಿಕೆಟ್ ತೋರಿಸಿದ: ಸ್ಟಾಕ್‌ಹೋಮ್ ಎಂಟು, ಹೆಲ್ಸಿಂಕಿ ಹತ್ತು. ಕಳ್ಳತನದ ಹೊತ್ತಿಗೆ ಅವನು ಆಕಾಶದಲ್ಲಿದ್ದ.

"ಎರಡು ಗಂಟೆ ಕೂತು ಸುಸ್ತಾಗಿರಬೇಕು," ಎಂದಳು ಪಿರ್ಕೊ.

"ಎಲ್ಲಿಯ ಎರಡು? ನಾನೂರು ಕಿಲೋಮೀಟರ್, ಒಂದೇ ಗಂಟೆ. ಇನ್ನೊಂದು ಗಂಟೆ ನಮಗಿಂತ ಮುಂದಿರೋ ನಿಮ್ಮ ಗಡಿಯಾರ ನುಂಗುತ್ತೆ."

ಪಿರ್ಕೊ ತನ್ನ ಟಿಪ್ಪಣಿ ಪುಸ್ತಕ ತೆರೆದಳು. ಹೆಲ್ವಿಯ ಫೋನ್ ಠಾಣೆಗೆ ಬಂದದ್ದು ಹನ್ನೊಂದೂ ಐದಕ್ಕೆ. ಹತ್ತಕ್ಕೆ ಬಂದವಳು ಒಂದು ಗಂಟೆ ಏನು ಮಾಡುತ್ತಿದ್ದಳು?

ಅಡುಗೆಮನೆಗೆ ಹೋದಳು. ತನ್ನ ಕೈಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು. ಗೋಡೆಯಲ್ಲಿ ಹನ್ನೊಂದೂ ಇಪ್ಪತ್ತು.

"ಹೆಲ್ವಿ ಅಮ್ಮಾ, ಇದು ಯಾವ ಊರಿನ ಸಮಯ?"

"ಅಯ್ಯೋ, ಸ್ಟಾಕ್‌ಹೋಮಿಂದು! ದಿನಾ ಒಂದು ಗಂಟೆ ಸೇರಿಸ್ಕೋತೀನಿ. ಇವತ್ತು ಗಾಬರಿಯಲ್ಲಿ ಮರೆತೆ. ಇವನು ಮಲಗಿದ್ದಾಗ ಫೋನ್ ಮಾಡಿ ಎಬ್ಬಿಸಬಾರದು ಅಂತ ಹಾಗಿಟ್ಟಿದ್ದೆ."

ತೌನೊ ಟಿಕೆಟ್ಟನ್ನು ಮಡಚಿ ಜೇಬಿಗೆ ಹಾಕಿದ.

"ಹಾಗಾದ್ರೆ ನೀವು ಹೊರಟಿದ್ದು ಒಂಬತ್ತಕ್ಕೆ, ಬಂದಿದ್ದು ಹನ್ನೊಂದಕ್ಕೆ," ಎಂದಳು ಪಿರ್ಕೊ. "ಎಂಟೂವರೆಗೆ ಕಾಂತೆಲೆ ನಿಮ್ಮ ಹತ್ರಾನೇ ಇತ್ತು. ಯೊರ್ಮ ನಿರಪರಾಧಿ. ತೌನೊ ಅವರೇ, ನೀವು ಹತ್ತಕ್ಕೆ ಇಳಿದ್ರಿ. ವಿಮಾನ ನಿಲ್ದಾಣದಿಂದ ಇಲ್ಲಿಗೆ ಮುಕ್ಕಾಲು ಗಂಟೆ. ಬಂದಿದ್ದು ಮಾತ್ರ ಹನ್ನೆರಡಕ್ಕೆ. ನಡುವೆ ಎಲ್ಲಿದ್ರಿ?"

ಅವನು ಜೇಬಿನಿಂದ ರೈಲು ನಿಲ್ದಾಣದ ಲಗೇಜು ಪೆಟ್ಟಿಗೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟ.

"ಕಾಂತೆಲೆ ಅಲ್ಲಿದೆ. ಅಮ್ಮನ ತೊಡೆ ಮೇಲೆ ಕೂತು ನುಡಿಸೋಕೆ ಕಲಿತಿದ್ದು ಅದರಲ್ಲೇ, ಅಕ್ಕ. ಗಾಜಿನ ಹಿಂದೆ ಇಟ್ಟುಬಿಟ್ರೆ ಇನ್ನು ಯಾರೂ ಮುಟ್ಟೋ ಹಾಗಿಲ್ಲ. ನೀನು ಬರೀ ಕಾಗದ ಬರೆದು ತಿಳಿಸಿದೆ. ನನ್ನನ್ನ ಒಂದು ಮಾತು ಕೇಳಲೇ ಇಲ್ಲ."

"ನೀನೂ ಕೇಳಲಿಲ್ವಲ್ಲೋ, ದಡ್ಡಾ! ಅಂಚೆಯಲ್ಲೇ ಕಳಿಸ್ತಿದ್ದೆ." ಹೆಲ್ವಿ ಅವನ ತಲೆಗೆ ಮೊಟಕಿದಳು. ಆ ಕೈ ಅಲ್ಲೇ ನಿಂತು ನರೆಗೂದಲು ಸವರಿತು. "ಮ್ಯೂಸಿಯಮ್ಮಿನವರಿಗೆ ನಾನು ಹೇಳ್ಕೋತೀನಿ. ಆದ್ರೆ ನಿನ್ನಿಂದ ಯೊರ್ಮ ಕಳ್ಳ ಅನ್ನಿಸ್ಕೊಂಡ. ಅವನು ಕ್ಷಮಿಸಿದ್ರೆ ಮಾತ್ರ ಅದು ನಿಂದು."

*

ಸಂಜೆ ಯೊರ್ಮನ ಬಾಗಿಲಲ್ಲಿ ತೌನೊ ತಲೆತಗ್ಗಿಸಿ ನಿಂತ. ಬಗಲಲ್ಲಿ ಕಾಂತೆಲೆ, ಹಿಂದೆ ಹೆಲ್ವಿ.

ಯೊರ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಒಳಗೆ ಹೋಗಿ ಮೂರು ಕುರ್ಚಿ ಎಳೆದು ಹಾಕಿದ.

"ನುಡಿಸು ಮೊದಲು. ಆಮೇಲೆ ಹೇಳ್ತೀನಿ."