ಎರಡು ಗುರುತುಗಳು ಎದುರುಬದುರಾದ ಶುಕ್ರವಾರ

ಬಾವಿಯ ಹತ್ತಿರ ಹೆಣ್ಣು ಹುಡುಕುವ ಬೈಬಲ್ ಕಥೆಯ ಬಗ್ಗೆ ನಾನು ಬ್ಲಾಗಿನಲ್ಲಿ ಬರೆದಿದ್ದೆ. ಅದರ ಕೆಳಗೆ ಅವನು ಹಾಕಿದ ಮೊದಲ ಕಾಮೆಂಟ್ ಇದು: "ಬರಹ ಚೆನ್ನಾಗಿದೆ. ಆದರೆ ಆ ಬಾವಿಯ ಮೇಲೆ ಚಂದ್ರ ಎಲ್ಲಿಂದ ಬಂದ? ಬೈಬಲ್‌ನಲ್ಲಿ ಆ ಜಾಗದಲ್ಲಿ ಚಂದ್ರ ಇಲ್ಲ."

"ನಮ್ಮಜ್ಜಿ ಹೇಳಿದ ಕಥೆಯಲ್ಲಿ ಇದ್ದ. ನಿಮಗೇನು ತೊಂದರೆ ಕೊಟ್ಟ?" ಎಂದು ಬರೆದೆ.

"ತೊಂದರೆ ಏನಿಲ್ಲ. ಅಜ್ಜಿ ಇಟ್ಟಿದ್ದಾರೆ ಅಂದಮೇಲೆ ಇರಲಿ ಬಿಡಿ. ಒಂಟೆಗಳಿಗೂ ದಾರಿ ಕಾಣಬೇಕಲ್ಲ."

ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದವಳಿಗೆ ನಗು ಬಂದುಬಿಟ್ಟಿತು. ನಾನು ಕೆಲಸ ಮಾಡುವ ಅಂಗಡಿಯಲ್ಲಿ ಎದುರಿಗೆ ಕೂತಿದ್ದ ಗಿರಾಕಿ, ತಮ್ಮ ಮೂಗಿನ ಮೇಲಿನ ಹೊಸ ಫ್ರೇಮ್ ನೋಡಿ ನಕ್ಕೆನೆಂದು ತಿಳಿದು ಮುಖ ಊದಿಸಿಕೊಂಡರು.

ನಮ್ಮ ಬ್ಲಾಗಿನ ಹೆಸರು "ಹಿಂದಿನ ಬೆಂಚು". ಚರ್ಚಿನಲ್ಲಿ ಹಿಂದೆ ಕೂತು ಪಿಸುಗುಡುತ್ತಿದ್ದವರು ಸೇರಿ ಮಾಡಿಕೊಂಡದ್ದು. ನಡೆಸುವವಳು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ದೊಡ್ಡಕ್ಕ. ಅವಳು ಯಾರಿಗೂ ಸ್ವಂತ ಅಕ್ಕ ಅಲ್ಲ. ಎಲ್ಲರನ್ನೂ ಗದರಿಸುವ ಅಧಿಕಾರ ಮಾತ್ರ ಸ್ವಂತದ್ದು. ಅವನು ಬೇರೆ ಚರ್ಚಿನವನು, ಬ್ಲಾಗ್ ಓದಿ ಓದಿ ನಮ್ಮ ಜೊತೆ ಬರೆಯಲು ಬಂದವನು. ಕೆಲಸ ಲಿಫ್ಟ್ ರಿಪೇರಿ. ನಾನು ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವಳು. ಹಾಗಾಗಿ ಕಾಮೆಂಟುಗಳಲ್ಲಿ ಅವನು "ಲಿಫ್ಟು", ನಾನು "ಕನ್ನಡಕ".

ತಿಂಗಳಿಗೊಂದು ಚರ್ಚೆ ನಡೆಯುತ್ತಿತ್ತು. ಮೊದಲ ಸುತ್ತಿನಲ್ಲಿ ಅವರವರ ಪಕ್ಷ. ಎರಡನೆಯ ಸುತ್ತಿನಲ್ಲಿ ಪಕ್ಷ ಅದಲುಬದಲು. ಎದುರಾಳಿಯ ಮಾತನ್ನು ಅವರಿಗಿಂತ ಚೆನ್ನಾಗಿ ನಾವು ಹೇಳಬೇಕು. ಇದು ದೊಡ್ಡಕ್ಕನ ಕಟ್ಟಳೆ. "ಇನ್ನೊಬ್ಬರ ಮಾತನ್ನ ಬಾಯಿತುಂಬ ಆಡಿ ನೋಡ್ರೋ, ಆಮೇಲೆ ಜಗಳ ಆಡೋಕೆ ಮನಸ್ಸೇ ಬರಲ್ಲ," ಅನ್ನುತ್ತಿದ್ದಳು. ಕೊನೆಗೆ ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ಸಂಡೇ ಸ್ಕೂಲ್ ಕೋಣೆಯಲ್ಲಿ ಸೇರಿ, ಟೀ ಕುಡಿದು, ಯಾರು ಗೆದ್ದರೆಂದು ತೀರ್ಮಾನಿಸುತ್ತಿದ್ದೆವು.

ಅಲ್ಲಿ ಇರುವುದೆಲ್ಲ ಮಕ್ಕಳ ಕುರ್ಚಿಗಳು. ಅವನು ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಕಿಟಕಿಗೆ ಮಕ್ಕಳು ಅಂಟಿಸಿದ ಬಣ್ಣದ ಕಾಗದಗಳ ಮೂಲಕ ಬರುವ ಬಿಸಿಲು ಅವನ ಕೆನ್ನೆಯ ಮೇಲೆ ಒಮ್ಮೆ ಕೆಂಪಾಗಿ, ಒಮ್ಮೆ ನೀಲಿಯಾಗಿ ಬೀಳುತ್ತಿತ್ತು. ವಾದದಲ್ಲಿ ಸೋಲುತ್ತಿದ್ದೇನೆ ಅನ್ನಿಸಿದಾಗ ಅವನು ಎಡಗಡೆಯ ಹುಬ್ಬನ್ನು ಮಾತ್ರ ಮೇಲೆತ್ತಿ ನನ್ನತ್ತ ನೋಡುತ್ತಿದ್ದ. ಆ ಹುಬ್ಬಿಗೋಸ್ಕರ ನಾನು ಎಷ್ಟೋ ಸಲ ಗೆದ್ದಿದ್ದೇನೆ.

ಆ ತಿಂಗಳು ಮಾತ್ರ ನನ್ನ ಮನಸ್ಸು ಹಗುರಾಗಿರಲಿಲ್ಲ. ಚಿಕ್ಕಮ್ಮ ಒಂದು ಸಂಬಂಧ ತಂದಿದ್ದಳು. ಹುಡುಗ ಒಳ್ಳೆಯವನೇ. ಅವನನ್ನು ಬೇಡ ಅನ್ನಲು ಅವನಲ್ಲಿ ಒಂದು ಕಾರಣವೂ ಇರಲಿಲ್ಲ.

"ಭಾನುವಾರ ಆರಾಧನೆ ಮುಗೀತಿದ್ದ ಹಾಗೇ ಉತ್ತರ ಹೇಳ್ಬಿಡು ಮಗಾ," ಎಂದಿದ್ದಳು ಚಿಕ್ಕಮ್ಮ. "ಅವ್ರನ್ನ ಇನ್ನೂ ಕಾಯಿಸೋಕೆ ನನಗೆ ಮುಖ ಇಲ್ಲ. ಮನಸ್ಸಲ್ಲಿ ಬೇರೆ ಯಾರಾದ್ರೂ ಇದ್ರೆ ಈಗಲೇ ಹೇಳು."

ಇದ್ದ, ಆ ಲಿಫ್ಟು. ಆದರೆ ಅವನ ಮನಸ್ಸಿನಲ್ಲಿ ನಾನಿದ್ದೇನೋ ಇಲ್ಲವೋ, ಅದು ನನಗೆ ಗೊತ್ತಿರಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಂಡರೆ ಆ ಶನಿವಾರಗಳೂ ಹೋದವು, ಕಾಮೆಂಟುಗಳೂ ಹೋದವು. ಅಜ್ಜಿಯ ಕಥೆಗಳನ್ನು ಕೇಳಿ ಬೆಳೆದವಳು ನಾನು. ಅಲ್ಲಿ ಬಾಗಿಲು ಬಡಿಯುವ ಮೊದಲೇ ಒಂದು ಹಕ್ಕಿ ಬಂದು ವಿಷಯ ಹೇಳಿ ಹೋಗುತ್ತಿತ್ತು. ನನಗೂ ಒಂದು ಹಕ್ಕಿ ಬೇಕಿತ್ತು.

ಆದ್ದರಿಂದ ಆ ತಿಂಗಳ ವಿಷಯವನ್ನು ನಾನೇ ಸೂಚಿಸಿದೆ: ಹೀಗಾದರೆ ಹೌದು, ಹೀಗಾಗದಿದ್ದರೆ ಇಲ್ಲ ಎಂದು ದೇವರ ಹತ್ತಿರ ಗುರುತು ಕೇಳಬಹುದೇ?

ಕೇಳಬಹುದು ಎಂದು ನಾನು ಬರೆದೆ. "ಗುರುತು ಕೇಳುವವರು ದೇವರನ್ನು ಪರೀಕ್ಷಿಸುವವರಲ್ಲ, ಹೆದರಿದವರು. ಬೈಬಲಿನಲ್ಲಿ ಯುದ್ಧಕ್ಕೆ ಹೋಗಲು ಹೆದರಿ, ರಾತ್ರಿಯ ಇಬ್ಬನಿಗೆ ಉಣ್ಣೆ ಮಾತ್ರ ನೆನೆಯಲಿ, ನೆಲ ಒಣಗಿರಲಿ ಅಂದವನನ್ನು ದೇವರು ಗದರಲಿಲ್ಲ. ಮರುದಿನ ಅದನ್ನೇ ಉಲ್ಟಾ ಕೇಳಿದಾಗಲೂ ಗದರಲಿಲ್ಲ. ಹೆದರಿದವರ ಜೊತೆ ಅಷ್ಟು ತಾಳ್ಮೆ ಇರುವ ದೇವರು ನನ್ನ ದೇವರು."

ಬೇಡ ಎಂದು ಅವನು ಬರೆದ. "ಯಜಮಾನನ ಮಗನಿಗೆ ಹೆಣ್ಣು ಹುಡುಕಲು ಬಂದ ಆ ಆಳು, ನನಗೂ ಒಂಟೆಗಳಿಗೂ ನೀರು ಕೊಡುವವಳೇ ಅವಳು ಎಂದು ಬಾವಿಯ ಹತ್ತಿರ ಗುರುತು ಕೇಳಿದ್ದು ನಿಜ. ಆದರೆ ಆಮೇಲೆ ಓಡಿಹೋಗಿ, ಬಾಯಿಬಿಟ್ಟು ನೀರು ಕೇಳಿದ. ಸುಮ್ಮನೆ ಕೂತಿದ್ದರೆ ಹುಡುಗಿ ಕೊಡ ಎತ್ತಿಕೊಂಡು ಮನೆಗೆ ಹೋಗಿಬಿಡುತ್ತಿದ್ದಳು."

ಕೆಳಗೆ ಕಾಮೆಂಟುಗಳಲ್ಲಿ ಶುರುವಾಯಿತು ನೋಡಿ.

"ಗುಂಡಿ ಒತ್ತದೆ ಲಿಫ್ಟಿನೊಳಗೆ ನಿಂತು ಪ್ರಾರ್ಥನೆ ಮಾಡಿದರೆ ಯಾವ ಮಹಡಿಗೆ ಹೋಗ್ತೀರಿ ಕನ್ನಡಕ?"

"ಗುಂಡಿ ಒತ್ತಿದ ಮೇಲೂ ಅದು ಮಧ್ಯದಲ್ಲಿ ನಿಂತುಬಿಟ್ಟರೆ ಯಾರನ್ನು ಕರೀಬೇಕು?"

"ನನ್ನನ್ನೇ ಕರೀತಾರೆ ರೀ. ಫೋನ್ ನಂಬರ್ ಒಳಗೇ ಅಂಟಿಸಿರ್ತೀವಿ."

"ವಿಷಯಕ್ಕೆ ಬನ್ನಿ ಇಬ್ಬರೂ," ಎಂದು ದೊಡ್ಡಕ್ಕ ನಡುವೆ ಬಂದಳು. "ಇದು ಚರ್ಚೆ. ಚೆಲ್ಲಾಟ ಅಲ್ಲ."

ಅವನು ಇನ್ನೇನಾದರೂ ಬರೆದಿದ್ದಾನೋ ಎಂದು ದಿನವಿಡೀ ಮೊಬೈಲ್ ತೆಗೆದು ನೋಡಿದೆ.

ಪಕ್ಷ ಬದಲಾಯಿತು. ಅವನ ಪಕ್ಷ ಹಿಡಿದು ನಾನು ಬರೆದದ್ದು ಒಣ ರೊಟ್ಟಿಯ ಹಾಗಿತ್ತು. ನನ್ನ ಪಕ್ಷ ಹಿಡಿದು ಅವನು ಬರೆದದ್ದನ್ನು ಮಾತ್ರ ಲೆನ್ಸ್ ಉಜ್ಜುವ ಮಷಿನ್ ನಿಲ್ಲಿಸಿ ಓದಿದೆ: "ಎಲ್ಲ ನನ್ನ ಕೈಯಲ್ಲೇ ಇದೆ ಅನ್ನುವವನು ಗುರುತು ಕೇಳುವುದಿಲ್ಲ. ತನಗೆ ತುಂಬ ಬೇಕಾದದ್ದರ ಮುಂದೆ ನಿಂತವನು ಕೇಳುತ್ತಾನೆ. ಅವನಿಗೆ ಕೈ ಚಾಚಲೂ ಭಯ, ತಿರುಗಿ ಹೋಗಲೂ ಭಯ."

ಲಿಫ್ಟಿಗೆ ಅಷ್ಟು ಬೇಕಾದದ್ದು ಏನಿರಬಹುದು? ಗಾಜಿನ ಪುಡಿ ಹತ್ತಿದ ಬೆರಳಿನಲ್ಲೇ ಆ ಸಾಲುಗಳನ್ನು ಮತ್ತೆ ಮೇಲೆಳೆದು ಓದಿದೆ.

ಶುಕ್ರವಾರ ಬೆಳಿಗ್ಗೆ ನಾನು ಪ್ರಾರ್ಥಿಸಿದೆ. ಗುರುತನ್ನು ಸ್ಪಷ್ಟವಾಗಿ ಹೇಳಿದೆ. ದೇವರಿಗೆ ಗೊಂದಲ ಆಗಬಾರದಲ್ಲ. ಇವತ್ತು ಅವನು ಅಂಗಡಿಗೆ ಬರಲಿ. ಬಂದು, ನಾನು ಎಲ್ಲಿ ಅಂತ ಅವನಾಗಿಯೇ ಕೇಳಲಿ. ಕೇಳಿದರೆ ಅವನೇ. ಕೇಳದಿದ್ದರೆ ಚಿಕ್ಕಮ್ಮನಿಗೆ ಹೂಂ ಅನ್ನುತ್ತೇನೆ.

ಮಧ್ಯಾಹ್ನ ಅಂಗಡಿಯ ಬಾಗಿಲು ತಳ್ಳಿಕೊಂಡು ಅವನು ಬಂದ.

ನಾನು ಒಳಕೋಣೆಯಲ್ಲಿದ್ದೆ. ನಾನಾಗಿ ಹೊರಗೆ ಹೋದರೆ ಗುರುತು ಕೆಡುತ್ತದೆಂದು ಸ್ಟೂಲಿಗೆ ಅಂಟಿಕೊಂಡೆ. ನಡುವೆ ಮಂಜುಗಾಜಿನ ತಡಿಕೆ. ಅದರಾಚೆ ಅವನ ಉದ್ದನೆಯ ನೆರಳು ಕನ್ನಡಿಗಳ ಮುಂದೆ ಅತ್ತಿಂದಿತ್ತ ಸುಳಿದಾಡಿತು. ಒಂದು ಸಲ ತಡಿಕೆಯ ಹತ್ತಿರವೇ ಬಂದು ನಿಂತಿತು. ಕೇಳು, ಕೇಳು ಎಂದು ನಾನು ಬಾಯಿ ಮುಚ್ಚಿಕೊಂಡು ಕೂಗಿದೆ.

"ಏನು ಬೇಕಿತ್ತು ಸರ್?" ಎಂದರು ಅಂಗಡಿಯ ಯಜಮಾನರು.

"ಅದು... ಕನ್ನಡಕ ಒರೆಸೋ ಬಟ್ಟೆ."

"ನೀವು ಕನ್ನಡಕನೇ ಹಾಕಲ್ವಲ್ಲ ಸರ್?"

"ಮುಂದೆ ಬೇಕಾಗಬಹುದು," ಎಂದ. ದುಡ್ಡು ಕೊಟ್ಟ ಮೇಲೂ ನೆರಳು ಒಮ್ಮೆ ತಡಿಕೆಯತ್ತ ತಿರುಗಿತು. ಬಾಗಿಲು ಮುಚ್ಚಿಕೊಂಡಿತು.

ಆ ದಿನ ನಾನು ಒಂದು ಲೆನ್ಸ್ ಹಾಳು ಮಾಡಿದೆ.

ಶನಿವಾರ ಕೋಣೆಗೆ ಹೋದಾಗ ಅವನು ಚಿಕ್ಕ ಕುರ್ಚಿಯಲ್ಲಿ ಮುದುಡಿ ಕೂತಿದ್ದ. ದೊಡ್ಡಕ್ಕ ಟೀ ತರಲು ಹೋಗಿದ್ದಳು. ಅವನು ಹುಬ್ಬು ಎತ್ತಲಿಲ್ಲ.

"ಈ ಸಲ ನೀವೇ ಗೆದ್ರಿ ಕನ್ನಡಕ," ಎಂದ. "ನಿಮ್ಮ ಪಕ್ಷ ಬರೆದು ಬರೆದು ನನಗೇ ಅಂಟಿಕೊಂಡುಬಿಡ್ತು. ಹುಟ್ಟಿದ ಮೇಲೆ ಮೊದಲ ಸಲ ಗುರುತು ಕೇಳಿದೆ."

"ಸಿಕ್ತಾ?"

"ಸಿಕ್ತು. ಇಲ್ಲ ಅಂತ." ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು. "ನಿನ್ನೆ ನಿಮ್ಮ ಅಂಗಡಿಗೆ ಬಂದಿದ್ದೆ. ನಾನು ಬಾಯಿ ಬಿಡಬಾರದು, ನೀವಾಗೇ ಹೊರಗೆ ಬಂದ್ರೆ ಹೌದು ಅಂತ ಕೇಳ್ಕೊಂಡಿದ್ದೆ. ನೀವು ಬರಲಿಲ್ಲ. ಇರಲಿ. ಕೇಳಿದ ಮೇಲೆ ಒಪ್ಪಿಕೊಳ್ಳಬೇಕಲ್ಲ."

ನಾನೂ ಒಂದು ಪುಟ್ಟ ಕುರ್ಚಿ ಎಳೆದುಕೊಂಡು ಅವನೆದುರು ಕೂತೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ.

"ನಾನು ಒಳಗೇ ಇದ್ದೆ," ಎಂದೆ.

"ಏನು?"

"ತಡಿಕೆ ಹಿಂದೆ. ನಾನೆಲ್ಲಿ ಅಂತ ನೀವಾಗೇ ಕೇಳಿದ್ರೆ ಹೌದು, ನಾನಾಗಿ ಹೊರಗೆ ಬರಬಾರದು ಅಂತ ನಾನೂ ಕೇಳ್ಕೊಂಡಿದ್ದೆ."

ಅವನು ನನ್ನನ್ನೇ ನೋಡಿದ. ಅವನ ಮುಖದಲ್ಲಿ ವಿಷಯ ಒಂದೊಂದೇ ಮಹಡಿ ಹತ್ತುತ್ತಾ ಬರುವುದು ನನಗೆ ಕಾಣಿಸಿತು.

"ಅಂದ್ರೆ ನಾನು ಸುಮ್ನಿರಬೇಕು, ನೀವು ಬರಬೇಕು..."

"ನಾನು ಕೂತಿರಬೇಕು, ನೀವು ಕೇಳಬೇಕು."

"ಅಯ್ಯೋ ದೇವರೇ," ಎಂದ. "ಪಾಪ, ಅವನಾದ್ರೂ ಏನು ಮಾಡ್ತಾನೆ?"

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ನನ್ನ ಕಣ್ಣು ತುಂಬಿತು. ಈ ಮನುಷ್ಯ ಸುಮ್ಮನೆ ಒಪ್ಪಿಕೊಂಡು, ಆ ಬಟ್ಟೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿಬಿಡುತ್ತಿದ್ದ. ನಾನು ನಾಳೆ ಹೂಂ ಅಂದುಬಿಡುತ್ತಿದ್ದೆ. ನಾವಿಬ್ಬರೂ ಅದನ್ನು ದೇವರ ಚಿತ್ತ ಎಂದು ಕರೆಯುತ್ತಿದ್ದೆವು.

ಭಯ ಹೋಗಿರಲಿಲ್ಲ. ಅದರ ಪಕ್ಕದಿಂದಲೇ ಮಾತು ತೂರಿಕೊಂಡು ಬಂತು.

"ನಾಳೆ ನಾನು ಒಂದು ಸಂಬಂಧಕ್ಕೆ ಉತ್ತರ ಹೇಳಬೇಕು. ಇಲ್ಲ ಅನ್ನಬೇಕು ಅಂತಿದೀನಿ. ಯಾಕಂದ್ರೆ ನನಗೆ ನೀವು ಬೇಕು. ಗುರುತು ಗಿರುತು ಏನೂ ಬೇಡ. ನಿಮಗೆ ನಾನು ಬೇಕಾ? ನೆಟ್ಟಗೆ ಹೇಳಿ."

ಕಿಟಕಿಯ ಹಳದಿ ಕಾಗದದ ಬಿಸಿಲು ಅವನ ಕಣ್ಣಿಗೆ ಬಿದ್ದಿತ್ತು. ಅವನು ರೆಪ್ಪೆ ಮಿಟುಕಿಸಲಿಲ್ಲ.

"ಬೇಕು," ಎಂದ. "ಆ ಚಂದ್ರನ ವಿಷಯದಲ್ಲಿ ನೀವು ನನ್ನ ಮೇಲೆ ರೇಗಿದ ದಿನದಿಂದ."

ನಾನು ಭಾನುವಾರಕ್ಕೆ ಕಾಯಲಿಲ್ಲ. ಅಲ್ಲೇ ಮೊಬೈಲ್ ತೆಗೆದು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಹೇಳಿ ಮುಗಿಸುವಷ್ಟರಲ್ಲಿ ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು.

"ಮೊದಲೇ ಹೇಳೋಕೆ ಏನಾಗಿತ್ತೇ ನಿನಗೆ? ಯಾರು ಅವನು? ಪಕ್ಕದಲ್ಲೇ ಇದಾನಾ? ಕೊಡು ಫೋನು."

ಕೊಟ್ಟೆ. ಅವನು ಎದ್ದು ನಿಂತ. ಚಿಕ್ಕ ಕುರ್ಚಿಯೂ ಅವನ ಜೊತೆಗೇ ಎದ್ದಿತು. ಅದನ್ನು ಬಿಡಿಸಿಕೊಂಡು, ಅಂಗಿ ಸರಿಮಾಡಿಕೊಂಡು, ಫೋನಿನಲ್ಲಿ ಕಾಣುವುದಿಲ್ಲ ಎಂಬುದನ್ನೂ ಮರೆತು ತಲೆ ಬಾಗಿಸಿದ.

"ಹಲೋ," ಎಂದ. ಒಂದು ಕ್ಷಣ ನನ್ನತ್ತ ನೋಡಿದ. ಆಮೇಲೆ, ಆ ಪದವನ್ನು ಎಷ್ಟೋ ವರ್ಷಗಳಿಂದ ಬಲ್ಲವನ ಹಾಗೆ ಮೆಲ್ಲಗೆ ಹೇಳಿದ:

"ಚೆನ್ನಾಗಿದೀರಾ, ಚಿಕ್ಕಮ್ಮ?"